ನಿಮ್ಮ ಎಡದಿಂದ ಬಲಕ್ಕೆ

ನಾನವಳ ಮುಖ ನೋಡಿಲ್ಲ. ನೋಡುವ ಪೈಕಿಯವನಲ್ಲ ನಾನು.
ಹನ್ನೆರಡು ವರ್ಷ, ಶನಿವಾರ ಬಿಟ್ಟು ಶನಿವಾರ,
ಹೆಡ್‌ಫೋನಿನೊಳಗೆ ಎಫೀ ಗೌರ್ಲೇ ಒಮ್ಮೆ ಕೆಮ್ಮಿ
"ನಮ್ಮವರು ನಿಮ್ಮ ಎಡದಿಂದ ಬಲಕ್ಕೆ,
ದೇವರು ಯಾವ ಕಡೆಗೋ ಗೊತ್ತಿಲ್ಲ" ಅಂದರೆ
ಆಟ ಶುರು.

ಡಂಡಿಯ ಮೂರನೇ ದರ್ಜೆಯ ಫುಟ್‌ಬಾಲು.
ಮರದ ಸ್ಟ್ಯಾಂಡು, ಕೈ ಸುಡುವ ಕುರಿಮಾಂಸದ ಪೈ,
ಕುರುಡರಿಗೆಂದೇ ಬಿಟ್ಟ ಏಳು ಕುರ್ಚಿ,
ಅದೂ ಮೈದಾನ ಎಲ್ಲರಿಗಿಂತ ಚೆನ್ನಾಗಿ ಕಾಣುವಲ್ಲಿ.
"ಈ ಕ್ಲಬ್ಬಿನ ಬುದ್ಧಿಗೆ ಇನ್ನೇನು ಸಾಕ್ಷಿ ಬೇಕು?" ಅನ್ನುತ್ತಿದ್ದಳು.

ತಾಯಿ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದವಳು.
ಮೂವತ್ತು ತುಂಬುವುದರೊಳಗೆ ಮಗ್ಗ ಅವಳ ಕಿವಿ ತಿಂದಿತ್ತು.
ಮನೆಯಲ್ಲಿ ಮಾತೆಂದರೆ ತುಟಿ, ಹುಬ್ಬು, ಬೆರಳು.
ಮೀನಂಗಡಿಯವನು ತಕ್ಕಡಿಗೆ ಹೆಬ್ಬೆರಳೂ ಸೇರಿಸಿ ತೂಗುವುದನ್ನು
ಎಂಟರ ಎಫೀ ಸದ್ದಿಲ್ಲದೆ ಮಾಡಿ ತೋರಿಸಿದ ದಿನ
ತಾಯಿ ನಕ್ಕಳಂತೆ, ತನಗೇ ಕೇಳಿಸದ ನಗು,
ಅಳತೆ ತಪ್ಪಿ, ಎದುರು ಸಾಲಿನ ಕಿಟಕಿಗಳೆಲ್ಲ ತೆರೆಯುವಷ್ಟು.
"ಆಮೇಲೆ ನಾನು ಬೇರೆ ಕಸುಬಿಗೆ ಲಾಯಕ್ಕಾಗಲಿಲ್ಲ."

ಕೂಲಿಗಾರರ ಕ್ಲಬ್ಬು, ಎರಡು ಬಿಂಗೋ ನಡುವೆ ಹತ್ತು ನಿಮಿಷ.
ಗ್ಲಾಸ್ಗೋದ ನೆಲಮಾಳಿಗೆಯಲ್ಲಿ ತೂರಿ ಬಂದ ಬಾಟಲಿಗೆ
"ತುಂಬಿದ್ದು ಎಸೆಯೋ, ಬಾಯಾರಿದೆ" ಅಂದಳಂತೆ.
ಒಮ್ಮೆ ಲಂಡನ್ನಿನ ಟೀವಿ. ಅವಳ ಉಚ್ಚಾರ ಅಲ್ಲಿ ಯಾರಿಗೂ ತಿಳಿಯದೆ
ಪರದೆಯ ಕೆಳಗೆ ಅಕ್ಷರ ಹಾಕಿದರು.
ದೇಶಕ್ಕೆ ಅವಮಾನ. ಅಮ್ಮನಿಗೆ ಅನುಕೂಲ.

ರೇಡಿಯೋದಿಂದ ಕಿತ್ತುಹಾಕಿದ್ದು ಒಂದೇ ಉಪಮೆಗೆ:
ಗೋಲ್‌ಕೀಪರನನ್ನು ಬಾಗಿಲಿಗೆ ಒರಗಿಸಿಟ್ಟ ಪೊರಕೆ ಎಂದಿದ್ದಳು.
ಅವನಪ್ಪ ಜಾಹೀರಾತು ಕೊಡುವವನು.
ಹಾಗೆ ಬಂದಳು ನಮ್ಮ ಪಾಲಿಗೆ, ಸಂಬಳವಿಲ್ಲದೆ.
ಬಂದ ಮೇಲೆ ಕಲಿತಳು:
ಜೋಕಿನಲ್ಲಿ ಕೊನೆಯ ಮಾತು ಬಚ್ಚಿಡಬೇಕು,
ಇಲ್ಲಿ ಬಚ್ಚಿಟ್ಟರೆ ಮೋಸ.
ಸುತ್ತಲವರು ಹೋ ಎನ್ನುವ ಮೊದಲೇ
ಚೆಂಡು ನಮ್ಮ ಕಿವಿ ಮುಟ್ಟಬೇಕು.

ಆ ನವೆಂಬರಿನಲ್ಲಿ ಟೇ ನದಿಯ ಬಾಯಿಂದ ಕಡಲ ಮಂಜು ಒಳನುಗ್ಗಿತು.
"ಆಚೆಯ ಗೋಲು ಹೋಯಿತು," ಅಂದಳು. "ನಡುಗೆರೆಯೂ ಹೋಯಿತು."
ಆಮೇಲೆ ಏನೂ ಅನ್ನಲಿಲ್ಲ.
ಅವಳ ಬಾಯಲ್ಲಿ ಅಷ್ಟು ಹೊತ್ತಿನ ಮೌನ ನಾನು ಕೇಳಿದ್ದೇ ಇಲ್ಲ.
"ಕ್ಷಮಿಸಿ. ನನಗೇನೂ ಕಾಣುತ್ತಿಲ್ಲ."

ಪಕ್ಕದ ಡೂಗಲ್ಡ್ ಪೆಟ್ರೀ, ಎಂಬತ್ತರ ಮುದುಕ,
"ಏಳನೆಯದು ಖಾಲಿ ಇದೆ, ಬಾ, ಕೂತುಕೋ" ಅಂದ.
ಕೂತಳು. ಒದ್ದೆ ಉಣ್ಣೆಯ ವಾಸನೆ.
ನಾವು ಹೇಳತೊಡಗಿದೆವು: ಎಡ ಮೂಲೆ, ಭಾರದ ಬೂಟು.
ಈಗ ಹಗುರದವನು. ಓಡುತ್ತಿದ್ದಾನೆ. ಕೀಪರ್ ಬೈಯುತ್ತಿದ್ದಾನೆ.
ನಾವು ಅಂದದ್ದನ್ನು ಅವಳು ಮೈಕಿಗೆ ಅಂದಳು,
ಹನ್ನೊಂದು ನಿಮಿಷ, ಒಂದು ಚೇಷ್ಟೆಯಿಲ್ಲದೆ.
ಒದ್ದೆ ಸೀರೆಯಷ್ಟು ಉದ್ದದ ಬಟ್ಟೆ ಒದರಿದ ಸದ್ದು: ಬಲೆ!
ಎಫೀ ಕಿರುಚಿದ ಮೇಲೆಯೇ ಹೊಡೆದವನಿಗೂ ಗೊತ್ತಾದದ್ದು.
ರೆಫರಿ ಪಂದ್ಯ ರದ್ದು ಮಾಡಿದ.
ಆ ಗೋಲು ಈಗ ಯಾವ ಪುಸ್ತಕದಲ್ಲೂ ಇಲ್ಲ.

ಹೋದ ವರ್ಷ ವೈದ್ಯರು ಅವಳ ಗಂಟಲು ಕೊಯ್ದು
ಜೀವ ಉಳಿಸಿದರು, ದನಿ ಇಟ್ಟುಕೊಂಡರು.
ಹೆಡ್‌ಫೋನಿನಲ್ಲಿ ಹೊಸ ಹುಡುಗ, ಜಾಣ. ಕೆಮ್ಮುವುದಿಲ್ಲ.
ಏಳನೆಯ ಕುರ್ಚಿಯಲ್ಲಿ ಅವಳು. ನನಗೆ ತುಟಿ ಕಾಣದು.
ಮೊನ್ನೆ ನನ್ನ ಕೈಗವಸು ಕಿತ್ತು, ಅಂಗೈ ಬಿಡಿಸಿ,
ತಣ್ಣನೆ ಬೆರಳಲ್ಲಿ ಉದ್ದಕ್ಕೊಂದು ಗೆರೆ ಎಳೆದಳು,
ತುದಿಗೆ ನಾಲ್ಕಾರು ಕಡ್ಡಿ. ಪೊರಕೆ.
ಮೇಲೆ ಬಾಗಿಲು.

ಏನಾಯ್ತೆಂದು ಹಿಂದಿನವರು ನನ್ನ ಭುಜ ತಟ್ಟಿದರು.
ಆಟವಿನ್ನೂ ಸೊನ್ನೆ-ಸೊನ್ನೆ.