ಎರಡು ಕಪ್ಪು

ಡಂಡೀ ಊರಿನ ಆಸ್ಪತ್ರೆ, ಮೂರನೇ ಮಹಡಿ.
ಸೋಮ, ಬುಧ, ಶುಕ್ರ, ಬೆಳಗಿನ ಏಳರ ಪಾಳಿ.
ನಮ್ಮ ರಕ್ತ ನಮ್ಮ ಕಣ್ಣೆದುರೇ ಹೊರಗೆ ಹೋಗಿ
ಯಂತ್ರದಲ್ಲಿ ತೊಳೆಸಿಕೊಂಡು ಮರಳಿ ಬರುವ ನಾಲ್ಕು ಗಂಟೆ,
ಮಾತಾಡದೆ ಮತ್ತೇನು ಮಾಡುವುದು?

ಭಾನುವಾರ ರಾತ್ರಿ ಮುಗಿದಿತ್ತು ಧಾರಾವಾಹಿ.
ಆರು ವಾರ, ಮೂರು ಹೆಣ.
ಕೊಲೆಗಾರ ಸಮುದ್ರದ ಪಾಲಾದನೆಂದು ವರದಿ ಬರೆದು
ಇನ್‌ಸ್ಪೆಕ್ಟರ್ ಹಟನ್, ಒಂಟಿ ಹೆಂಗಸು, ಮನೆಗೆ ಬರುತ್ತಾಳೆ.
ಕೋಟು ಬಿಚ್ಚುತ್ತಾಳೆ. ದೀಪ ಹಾಕುತ್ತಾಳೆ.
ಸಿಂಕಿನ ಪಕ್ಕ, ತೊಳೆದು ಬೋರಲು ಹಾಕಿದ
ಎರಡು ಕಪ್ಪು.
ಆಮೇಲೆ ಪರದೆಯೂ ಕಪ್ಪು.

ಸೋಮವಾರ ಸೂಜಿ ಚುಚ್ಚುವ ಮೊದಲೇ ಶುರು.
"ಬದುಕಿದ್ದಾನೆ ಅವನು!" ಎಂದ ತುಫೈಲ್.
ಮೂವತ್ತು ವರ್ಷ ಬಸ್ಸು ಓಡಿಸಿದವನು,
ಹಿಂದಿನದನ್ನೆಲ್ಲ ಕನ್ನಡಿಯಲ್ಲಿ ನೋಡಿಯೇ ರೂಢಿ.
"ಒಂದರ ಹಿಡಿ ಎಡಕ್ಕಿತ್ತು, ಗಮನಿಸಿದಿರಾ?
ಮೂರನೇ ಕಂತಿನಲ್ಲಿ ಹಗ್ಗ ಬಿಗಿದದ್ದು ಯಾವ ಕೈ?
ಬಚ್ಚಿಟ್ಟಿದ್ದಾಳೆ, ಮಾಳಿಗೆಯ ಮೇಲೆ, ಬರೆದುಕೊಡುತ್ತೇನೆ."

ಇಷ್‌ಬೆಲ್‌ಗೆ ಎಂಬತ್ತೊಂದು. ಸೆಣಬಿನ ಗಿರಣಿಗೆ
ಎರಡೂ ಕಿವಿ ಕೊಟ್ಟು ಬಂದವಳು.
ಅವಳ ಪಿಸುಮಾತೂ ಕಾರಿಡಾರು ದಾಟುತ್ತದೆ.
"ನಿನ್ನ ತಲೆ! ಗಂಡ ಸತ್ತ ಮೇಲೆ ಹನ್ನೊಂದು ತಿಂಗಳು
ನಾನೂ ಎರಡೇ ಇಳಿಸುತ್ತಿದ್ದೆ.
ಎರಡಕ್ಕೂ ಬಗ್ಗಿಸಿ, ಒಂದು ಕುಡಿದು, ಒಂದು ಆರಿಸಿ ಚೆಲ್ಲಿ,
ಎರಡನ್ನೂ ತೊಳೆದಿಡುತ್ತಿದ್ದೆ.
ಯಾರನ್ನು ಬಚ್ಚಿಟ್ಟಿದ್ದೆ ನಾನು?"

ಆರನೇ ಕುರ್ಚಿಯ ಫರ್ಕರ್ ಪದಬಂಧದಿಂದ ತಲೆ ಎತ್ತಲಿಲ್ಲ.
"ಶೂಟಿಂಗಿನ ಹುಡುಗ ಕುಡಿದಿಟ್ಟು ಮರೆತ ಕಪ್ಪು ಅದು,"
ಎಂದು ಇಬ್ಬರ ಕೋಪವನ್ನೂ ಒಟ್ಟಿಗೆ ಸಂಪಾದಿಸಿದ.
ಆಮೇಲೆ ಮೆಲ್ಲಗೆ, ನನ್ನೊಬ್ಬಳಿಗೆ:
"ಯಾರು ಕುಡಿದರೋ ನನಗೇಕೆ? ತುಂಬ ಇತ್ತೇ ಅದು, ಅಂಚಿನ ತನಕ?"
ಬಾಯಾರಿದರೆ ಐಸಿನ ಚೂರು ಚೀಪುವವರು ನಾವು.
ದಿನದ ನೀರನ್ನು ಔಷಧಿಯಂತೆ ಅಳೆಯುವವರು.
ಒಂದಿಡೀ ಕಪ್ಪು ಚಹಾದ ಮುಂದೆ
ಮೂರು ಕೊಲೆ ಯಾವ ಲೆಕ್ಕ?

ಬುಧವಾರವೂ ಅದೇ. ಯಾರೂ ಜಪ್ಪಯ್ಯ ಅನ್ನಲಿಲ್ಲ.
ನರ್ಸ್ ಬೊಗೂಶಾಳನ್ನು ನ್ಯಾಯಕ್ಕೆ ಕರೆದರೆ
ಒಂದು ಕಂತನ್ನೂ ನೋಡದ ಆಕೆ
ಕಪ್ಪು ಎರಡೂ ಒಂದೇ ಬಣ್ಣದವೇ ಎಂದು ಕೇಳಿದಳು.
ಯಾರಿಗೂ ನೆನಪಿರಲಿಲ್ಲ.

ಶುಕ್ರವಾರ ಆರನೇ ಕುರ್ಚಿ ಖಾಲಿ.

ಇಲ್ಲಿ ಖಾಲಿ ಕುರ್ಚಿಗೆ ಎರಡೇ ಅರ್ಥ.
ನಡುರಾತ್ರಿ ಫೋನು ಬಂದಿರಬೇಕು:
ನಿಮಗೊಂದು ಮೂತ್ರಪಿಂಡ ಸಿಕ್ಕಿದೆ, ಹೊರಟು ಬನ್ನಿ.
ಇಲ್ಲವೇ, ಇನ್ನೊಂದು.
"ಹೇಳುವ ಹಾಗಿಲ್ಲ, ನಿಯಮ," ಎಂದಳು ಬೊಗೂಶಾ,
ಸರಿಯಾಗಿಯೇ ಇದ್ದ ನನ್ನ ನಳಿಗೆಯನ್ನು
ಇನ್ನೊಮ್ಮೆ ಸರಿಮಾಡಿದಳು.

ಕಿಟಕಿಯ ಕಟ್ಟೆಯ ಮೇಲೆ ಅವನ ಪದಬಂಧದ ಪುಸ್ತಕ,
ನಡುವೆ ಸಿಕ್ಕಿಸಿದ ಮೊಂಡು ಪೆನ್ಸಿಲ್.
ಅವಸರದಲ್ಲಿ ಹೋದವನು ಬಿಟ್ಟುಹೋದನೇ?
ಬೇಡವಾಗಿ ಹೋದವನೇ?
ಚೌಕವಾದ ಕಂಬಳಿ ಮಾತ್ರ ಇರಲಿಲ್ಲ.
ಕಂಬಳಿಯನ್ನು ಅವನೇ ಒಯ್ದನೋ, ಅವನ ಮಗಳು ಬಂದು ಒಯ್ದಳೋ?

ತುಫೈಲ್‌ನತ್ತ ನೋಡಿದೆ.
ಹಿಡಿ ಎತ್ತ ತಿರುಗಿತ್ತೆಂದು ಆಣೆ ಇಟ್ಟವನು
ಗೋಡೆಯ ಗಡಿಯಾರ ನೋಡುತ್ತಿದ್ದ.
ಮಾತು ಹಿಡಿದವಳು ಇಷ್‌ಬೆಲ್:
"ಬದುಕಿದ್ದಾನೆ. ಎಲ್ಲೋ ದಿಂಬಿಗೊರಗಿ ಕೂತು
ಅಂಚಿನ ತನಕ ತುಂಬಿಸಿಕೊಂಡು ಕುಡಿಯುತ್ತಿದ್ದಾನೆ, ಕಳ್ಳ."
"ಪುರಾವೆ?" ಎಂದ ತುಫೈಲ್.
ದನಿಯಲ್ಲಿ ವಾದವಿರಲಿಲ್ಲ, ಬೇಡಿಕೆಯಿತ್ತು.

ಹತ್ತಕ್ಕೆ ಚಹಾದ ಗಾಡಿ ಬಂತು. ತಳ್ಳುವ ಹುಡುಗಿ
ಅಳೆದ ಅರ್ಧರ್ಧ ಕಪ್ಪನ್ನು ನಮಗೆಲ್ಲ ಕೊಟ್ಟು,
ಅಭ್ಯಾಸಬಲದಿಂದ ಆರನೆಯದರ ಪಕ್ಕಕ್ಕೂ ಒಂದಿಟ್ಟು
ಗಾಡಿ ತಳ್ಳಿಕೊಂಡು ಹೋದಳು.
ಯಾರೂ ಕರೆದು ಹೇಳಲಿಲ್ಲ.
ಹಬೆ ಏಳುತ್ತಿತ್ತು, ತೆಳ್ಳಗಾಗುತ್ತಿತ್ತು.

"ಹಿಡಿ ಯಾವ ಕಡೆಗಿದೆ ನೋಡು,"
ಎಂದು ತುಫೈಲ್‌ಗೆ ಪಿಸುಗುಟ್ಟಿದಳು ಇಷ್‌ಬೆಲ್,
ಇಡೀ ವಾರ್ಡಿಗೆ ಕೇಳಿಸುವಂತೆ.