ಬಾಗಿಲ ಪಕ್ಕದ ಮಷೀನು

ತಪ್ಪು ನನ್ನದೇ.
ಮಾರ್ಚಿಯ ಒಂದು ಸೋಮವಾರ
ಮೌಲಾಲಿ ತಾತ ಬರುವ ಮುಂಚೆ
ಗಾದಿಲಿಂಗನ ಕೈಲಿ ಅವನ ಮಷೀನು ಎತ್ತಿಸಿ
ಕಿಟಕಿಯಿಂದ ಬಾಗಿಲ ಪಕ್ಕಕ್ಕೆ ಇಡಿಸಿದೆ.

ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡು
ಒಂದು ರೈಲು ಡಬ್ಬಿಯಷ್ಟು ಉದ್ದ.
ಎರಡು ಸಾಲು ಮಷೀನು, ನಡುವೆ
ಕಾಲಿಡಲು ಜಾಗವಿಲ್ಲದಂತೆ ಕತ್ತರಿಸಿದ ಬಟ್ಟೆಯ ಗಂಟು,
ಕೊನೆಗೊಂದು ಕಿಟಕಿ,
ಕಿಟಕಿಯ ತುಂಬ ಕೋಟೆ ಗುಡ್ಡ.
ಬಚ್ಚಲು ಮಾತ್ರ ಬಾಗಿಲ ಹೊರಗೆ.

ತಾತನಿಗೆ ಅರವತ್ತೊಂಬತ್ತು, ಮೇಲೆ ಶುಗರ್ರು.
ಗಂಟೆಗೆ ಎರಡು ಸಲ ಏಳಬೇಕು,
ಗಂಟು ದಾಟಬೇಕು.
ಹಿಂದಿನ ವಾರ ಮುಗ್ಗರಿಸಿ ಮೊಣಕಾಲು ತರಚಿಕೊಂಡು
‘ಏನಿಲ್ಲಮ್ಮ, ನೆಲ ಮಾತಾಡಿಸ್ತು’ ಅಂದಿದ್ದ.
ಈಗ ಬಾಗಿಲಿಗೆ ಮೂರೇ ಹೆಜ್ಜೆ.
ಎಣಿಸಿ ನೋಡಿ ಬೀಗಿದ್ದೆ ನಾನು.

ಬಂದ. ಚಪ್ಪಲಿ ಬಿಟ್ಟ.
ಮಷೀನು ನೋಡಿದ, ಬಾಗಿಲು ನೋಡಿದ.
ಬುತ್ತಿ ಡಬ್ಬಿ ಕೈಯಲ್ಲೇ ಹಿಡಿದು ಎಷ್ಟೋ ಹೊತ್ತು ನಿಂತ.
ಆವತ್ತು ಹೊಲಿದದ್ದು ಎಂದಿನ ಅರ್ಧ.
ನಾಲ್ಕಕ್ಕೆ ಎದ್ದು
ನಿದ್ದೆಹೋದ ಕೂಸಿಗೆ ಹೊದಿಸುವ ಹಾಗೆ
ಮಷೀನಿಗೆ ಬಟ್ಟೆ ಹೊದಿಸಿ
‘ನಾಳೆಯಿಂದ ಬರಲ್ಲಮ್ಮ’ ಅಂದ.

‘ಯಾಕೆ ತಾತ?’

‘ಹೊರಗೆ ಹೋಗೋರನ್ನೇ ಅಲ್ಲವಾ
ಬಾಗಿಲ ಹತ್ರ ಕೂಡಿಸೋದು?’

ನೂಲು ಕಡಿದದ್ದು ಗೊತ್ತಿಲ್ಲದೆ ಮಷೀನು ಓಡುತ್ತದಲ್ಲ,
ಸೂಜಿ ಚುಚ್ಚುತ್ತಲೇ ಇರುತ್ತದೆ, ಹೊಲಿಗೆ ಬೀಳುವುದಿಲ್ಲ,
ಹಾಗೆ ಏನೇನೋ ಹೇಳಿದೆ.

ಎಲ್ಲರೂ ಹೋದ ಮೇಲೆ
ಕಿಟಕಿಯ ಬಳಿ ಅವನ ಸ್ಟೂಲಿನ ಮೇಲೆ ಕೂತೆ.
ಎಡಗಡೆಯಿಂದ ಬೆಳಕು.
ನೀಲಿಯ ಮೇಲೆ ಕಿತ್ತಳೆ ನೂಲು
ಇಡೀ ಶೆಡ್ಡಿನಲ್ಲಿ ಇಲ್ಲೊಂದೇ ಕಡೆ ಚೆನ್ನಾಗಿ ಕಾಣುತ್ತದೆ.
ಕಾಲಿನ ಲೆಕ್ಕ ಹಾಕಿದ್ದೆ, ಕಣ್ಣಿನದು ಹಾಕಿರಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದ.

ಮೂರನೆಯ ದಿನ ಮಿಲ್ಲರ್‌ಪೇಟೆಯ ಮನೆಗೆ ಹೋದೆ.
ಹಜರತ್‌ಬಿ ಬಾಗಿಲಲ್ಲೇ ಕೈ ಮುಗಿದಳು:
‘ಕರಕೊಂಡು ಹೋಗಮ್ಮ ನಿನ್ನ ತಾತನ್ನ.
ಮನೇಲಿರೋ ದಿಂಬಿಗೆಲ್ಲ ಎರಡೆರಡು ಹೊಲಿಗೆ ಹಾಕಿದಾನೆ,
ಇನ್ನು ನನ್ನ ಬಾಯಿ ಒಂದು ಉಳದೈತೆ.’

ಸಕ್ಕರೆ ಇಲ್ಲದ ಚಾ ಕುಡಿದೆವು.
‘ನೀನೇ ಹೇಳು, ಏನು ಮಾಡಲಿ?’
ಬೆರಳು ನೋಡಿಕೊಂಡ ಬಹಳ ಹೊತ್ತು.
ಉಗುರ ಸಂದಿಯಲ್ಲಿ ಮೂವತ್ತು ವರ್ಷದ ನೀಲಿ,
ಯಾವ ಸೋಪಿಗೂ ಬಿಟ್ಟುಕೊಡದ್ದು.

‘ಗಂಟು ಎತ್ತಿಸು,’ ಅಂದ.
‘ನನ್ನನ್ನಲ್ಲ.’

ಮಾಲೀಕ ಗೊಣಗಿದ, ಆದರೂ ಕೊಟ್ಟ.
ವೆಲ್ಡಿಂಗಿನ ವಂಡ್ರಪ್ಪ ಗೋಡೆಗೆ ಕಬ್ಬಿಣದ ಹಲಗೆ ಹೊಡೆದ.
ಗಂಟುಗಳು ಮೇಲೇರಿದವು,
ನಡುವೆ ನೆಲ ಕಂಡಿತು, ನಾನು ಸೇರಿದಾಗಿನಿಂದ ಮೊದಲ ಸಲ.
ಈಗ ಏಳು ತಿಂಗಳ ಸುಂಕ್ಲಮ್ಮನೂ
ಓರೆಯಾಗದೆ, ಹೊಟ್ಟೆ ಮುಂದಿಟ್ಟುಕೊಂಡೇ ನಡೆಯುತ್ತಾಳೆ.

ಬೆಳಿಗ್ಗೆ ಗಾದಿಲಿಂಗ ಹತ್ತು ಸೂಜಿಗೆ ನೂಲು ಪೋಣಿಸಿ
ದಿಂಬಿಗೆ ಚುಚ್ಚಿಡುತ್ತಾನೆ.
ತಾತ ಬೆನ್ನು ತಿರುಗಿಸಿಕೊಂಡೇ ಕೂಗುತ್ತಾನೆ:
‘ಲೇ, ಆರನೇದು ಕೆಮ್ತಾ ಐತೆ, ಎಣ್ಣೆ ಕುಡಿಸು.’
ಹೋಗಿ ನೋಡಿದರೆ ಹೌದು.

ಎಲ್ಲ ಸರಿಹೋಯಿತು ಅನ್ನಲಾರೆ.
ಕೈ ನಡುಗುವ ದಿನ
ಸುಮ್ಮನೆ ಗುಡ್ಡ ನೋಡುತ್ತ ಕೂಡುತ್ತಾನೆ.
ನಮ್ಮಲ್ಲಿ ಕೂಲಿ ತುಂಡಿಗಿಷ್ಟು;
ಗುಡ್ಡ ನೋಡಿದ್ದಕ್ಕೆ ಯಾರೂ ಕೊಡುವುದಿಲ್ಲ.

ಮೊನ್ನೆ ಅಂಥದೊಂದು ದಿನ
ಲೆಕ್ಕದ ಬುಕ್ಕಿನಲ್ಲಿ ಅವನ ಹೆಸರಿಗೆ
ಕಳ್ಳತನದಲ್ಲಿ ನಾಲ್ಕು ಹೆಚ್ಚಿಗೆ ಬರೆದೆ.
ಸಂಜೆ ತೆರೆದರೆ
ಗುರುತು ಹಾಕುವ ಸೀಮೆಸುಣ್ಣದಲ್ಲಿ ಅದಕ್ಕೊಂದು ಗೀಟು,
ಪಕ್ಕದಲ್ಲಿ ಸರಿಯಾದ ಅಂಕಿ,
ಕೆಳಗೆ ನಡುಗುವ ಅಕ್ಷರ:

ಎಣಿಸೋಕೆ ಬರ್ತೈತೆ ನಂಗೆ ಇನ್ನೂ.