ಸಾಧನ ಸಿಗಲಿಲ್ಲ

ಪುಂತಾ ಅರೇನಾಸ್, ಜುಲೈ. ಐದೂವರೆಗೇ ಕತ್ತಲು.
ತಗಡಿನ ಮಾಡಿನ ಮೇಲೆ ಗಾಳಿ ಗೆಣ್ಣು ಬಡಿಯುತ್ತಿದೆ,
ಕೊಟ್ಟದ್ದನ್ನು ವಾಪಸು ಕೇಳಲು ಬಂದ ನೆರೆಯವನಂತೆ.

ಹಿಂದಿನ ಕೋಣೆಯಲ್ಲಿ ಕಂಪ್ಯೂಟರು. ಅದರ ಹೊಟ್ಟೆಯಲ್ಲಿ
ಅಪ್ಪ ತೆಗೆದ ನಲವತ್ತೊಂದು ಕ್ಯಾಸೆಟ್ಟು,
ನಾನೇ ಕೂತು ಒಂದೊಂದಾಗಿ ಇಳಿಸಿದ್ದು.
ಮುಂದಿನ ಕೋಣೆಯಲ್ಲಿ ಟೀವಿ, ಅದರ ಕಾಲಬುಡದಲ್ಲಿ
ತಮ್ಮ ನಿಕಾನೋರನ ಆಟದ ಪೆಟ್ಟಿಗೆ.
ನಡುವೆ ಹದಿನಾಲ್ಕು ಹೆಜ್ಜೆ, ಅಡುಗೆಮನೆ, ಗ್ಯಾಸಿನ ಹೀಟರು,
ಬೆಕ್ಕು.

ಅಮ್ಮ ಕೇಳಿದ್ದು ಇಷ್ಟೇ:
ಆ ಪುಟ್ಟ ಪರದೆಗೆ ಕುತ್ತಿಗೆ ಬಗ್ಗಿಸಲಾರೆ ಮಗಳೇ,
ಸೋಫಾದಲ್ಲಿ ಕಾಲು ಚಾಚಿ ನೋಡಬೇಕು ಅವನನ್ನು.

ಒಂದೇ ಸೂರು, ಎರಡು ಒಲೆ. ಪಾಲಾದ ದಾಯಾದಿಗಳ ಹಾಗೆ
ಇದರ ಮುಖ ಅದು ನೋಡದು, ಅದರ ಹೆಸರು ಇದು ಹೇಳದು.
ಸರ್ವರ್ ಹಾಕಿದೆ. ಫೋಲ್ಡರಿನ ಬಾಗಿಲು ಹಾರು ಹೊಡೆದಿಟ್ಟೆ.
ಇಬ್ಬರಿಗೂ ವಿಳಾಸ ಬರೆದುಕೊಟ್ಟೆ, ಚುಕ್ಕಿ ಚುಕ್ಕಿ ಅಂಕಿಯಲ್ಲಿ.
ಪೆಟ್ಟಿಗೆ ಹುಡುಕಿತು. ಬಿಳಿಯ ಚಕ್ರ ಸುತ್ತಿತು, ಸುತ್ತಿತು,
ಕೊನೆಗೆ ಬಲು ಮರ್ಯಾದೆಯಿಂದ ಹೇಳಿತು:
ಯಾವ ಸಾಧನವೂ ಸಿಗಲಿಲ್ಲ.
ಎದುರುಮನೆಯವರ ಪ್ರಿಂಟರು ಮಾತ್ರ ಸಿಕ್ಕಿತ್ತು, ಹೇಗೋ.

ಎರಡನೆಯ ರಾತ್ರಿ ತಿಳಿಯಿತು, ಬಾಗಿಲಲ್ಲಿ ಫೈರ್‌ವಾಲ್
ತನ್ನ ಮನೆಯವರನ್ನೇ ತಡೆದು ಕೂತಿದೆ ಎಂದು.
ಅದನ್ನು ಒಪ್ಪಿಸಿ, ಅಡುಗೆಮನೆಯ ಗೋಡೆಗುಂಟ
ನೀಲಿ ಕೇಬಲು ಎಳೆದು, ಮೊಳೆ ಹೊಡೆದು, ಹೆಬ್ಬೆರಳು ಜಜ್ಜಿಕೊಂಡು
ಮತ್ತೆ ಒತ್ತಿದೆ. ಬಂತು ಪಟ್ಟಿ! ಅಪ್ಪನದೇ ಹೆಸರುಗಳು:
"ಹಡಗುಕಟ್ಟೆ, ಗಾಳಿ." "ಮತ್ತೆ ಗಾಳಿ." "ಒತಿಲಿಯಾ, ಹೊಸ ಕೋಟು."

ಒಂದನ್ನು ಆರಿಸಿದೆ. ಪರದೆ ಕಪ್ಪು.
ಚಿತ್ರದ ಲಿಪಿ ಈ ಪೆಟ್ಟಿಗೆಗೆ ಓದಲು ಬಾರದಂತೆ.
ಬೈಯಲು ಬಾಯಿ ತೆರೆದೆ, ಆಗ ದನಿ.
ಆಚೆ ದಡಕ್ಕೆ ಹೊರಟ ಹಡಗಿನ ಸರಪಳಿ, ಹಕ್ಕಿಗಳ ಜಗಳ,
ಎಲ್ಲದರ ಮೇಲೆ, ತೀರಾ ಹತ್ತಿರ, ಸೋಫಾದಲ್ಲೇ ಕೂತಂತೆ
ಅಪ್ಪನ ಕೆಮ್ಮು. "ಅಲ್ಲೇ ನಿಲ್ಲು, ಅಲುಗಬೇಡ.
ಮೂಗು ಕೆಂಪಾಗಿದೆ, ಇರಲಿ, ಚೆಂದ ಕಾಣ್ತೀಯ."
ಅಮ್ಮ ಕುಡಿಯುತ್ತಿದ್ದ ಮಾತೆಯ ಬುರುಡೆ ಕೈಯಲ್ಲೇ ಆರಿತು.
ಮೂವರೂ ಕಪ್ಪು ಗಾಜನ್ನು ನೋಡುತ್ತ ಮುಕ್ಕಾಲು ಗಂಟೆ ಕೂತೆವು,
ಗಾಜಿನಲ್ಲಿ ಕಂಡದ್ದು ನಾವೇ.

ಮೂರನೆಯ ರಾತ್ರಿ ನಾನು ಗೆದ್ದೆ.
ಕಂಪ್ಯೂಟರು ಏದುಸಿರು ಬಿಡುತ್ತ ಲಿಪಿ ಬದಲಿಸಿತು,
ಚಿತ್ರ ಬಂತು. ಬಣ್ಣ ತುಸು ಹಳದಿ.
ಕೆಂಪು ಮೂಗಿನ ಅಮ್ಮ, ಹೊಸ ಕೋಟು. ಹಲ್ಲಿಲ್ಲದ ನಿಕಾನೋರ್.
ಮಂಜಿನ ಮೇಲೆ ಜಾರಿ ಬಿದ್ದು ಎದ್ದು ಅಳುವ ನಾನು.
ಪೂರ್ತಿ ಮುಗಿಸಿದೆವು ಒಂದು, ಇನ್ನೊಂದು, ಮತ್ತೊಂದು.
ನಾಲ್ಕನೆಯದಕ್ಕೆ ಅಮ್ಮ ಮೆಲ್ಲಗೆ ಕೇಳಿದಳು:
ಇವನೆಲ್ಲಿ?

ಇವನು ಎಲ್ಲೂ ಇರಲಿಲ್ಲ. ನಲವತ್ತೊಂದರಲ್ಲಿ
ಒಮ್ಮೆ ಹಿಮದ ಮೇಲೆ ಉದ್ದಕ್ಕೆ ಬಿದ್ದ ನೆರಳು,
ಒಮ್ಮೆ ಅಂಚಿನಲ್ಲಿ ಮಸುಕಾದ ಹೆಬ್ಬೆರಳು, ಅಷ್ಟೆ.
ಹಿಡಿದವನ ಕೈ ಹಿಡಿದವರು ಯಾರೂ ಇರಲಿಲ್ಲ.

"ನಿನ್ನೆಯ ಹಾಗೆ ಮಾಡಿಕೊಡು," ಅಂದಳು ಅಮ್ಮ.

ಮೂರು ರಾತ್ರಿ ಕೂತು ಸರಿಮಾಡಿದ್ದನ್ನು
ಕೆಡಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.
ಟೀವಿ ಆರಿಸಿದರೆ ದನಿಯೂ ಆರುತ್ತದೆ.
ಸೆಟ್ಟಿಂಗಿನಲ್ಲಿ ಹುಡುಕಿದೆ, ಅಂಥ ಗುಂಡಿ ಇಲ್ಲ.
ಆಗ ನಿಕಾನೋರ್ ಎದ್ದ. ಒಂದು ಮಾತಾಡದೆ
ಅಮ್ಮನ ಉಣ್ಣೆ ಶಾಲು ತೆಗೆದು ಪರದೆಗೆ ಹೊದಿಸಿದ,
ಹಕ್ಕಿಯ ಪಂಜರಕ್ಕೆ ರಾತ್ರಿ ಹೊದಿಸುವಂತೆ.

ನೇಯ್ಗೆಯ ಸಂದಿನಲ್ಲಿ ಅಲ್ಲಲ್ಲಿ ಬೆಳಕು ಸೋರುತ್ತದೆ.
"ಒತಿಲಿಯಾ, ಕೈ ಬೀಸು," ಅಂತಾನೆ ಒಳಗಿನಿಂದ ಅಪ್ಪ.
ಅಮ್ಮ ಶಾಲಿನತ್ತ ಕೈ ಬೀಸುತ್ತಾಳೆ.

ಟೀವಿ ಬಿಸಿಯಾಗುತ್ತೆ, ಅಂದೆ ನಾನು.
ಆಗಲಿ, ಅಂದರು ಇಬ್ಬರೂ.